ಒಂದು ಕೆಜಿಗೆ ಎಷ್ಟು ಒದಗುತ್ತದೆ

ಅದು ೨೦೦೬ನೇ ಇಸವಿ. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಹುಡುಗಿಯರ ಹಾಸ್ಟೆಲೊಂದರಲ್ಲಿ ನಾನು ಮುಖ್ಯ ಅಡುಗೆಯವಳಾಗಿದ್ದೆ. ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ನಲವತ್ತೆರಡು ಹುಡುಗಿಯರು, ದಿನಕ್ಕೆ ಮೂರು ಹೊತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಲೆಕ್ಕ ಬರುತ್ತದೆ. ಲೆಕ್ಕ ಬಾರದವಳು ಅಷ್ಟು ಜನಕ್ಕೆ ಅನ್ನ ಮಾಡಲಾರಳು. ಈಗ ಹೇಳುವ ವಿಷಯದಲ್ಲಿ ನನ್ನ ತಪ್ಪೂ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳದೆ ಮೊದಲೇ ಹೇಳಿದ್ದೇನೆ.

ಹಾಸ್ಟೆಲಿನಲ್ಲಿ ಐದಾರು ಹುಡುಗಿಯರು ಬಾಕ್ಸಿಂಗ್ ಕಲಿಯುತ್ತಿದ್ದರು. ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿದ್ದರು. ಅದೇ ಅವರ ರಿಂಗ್. ಕಲಿಸುತ್ತಿದ್ದವರು ಪಿ.ಟಿ. ಮೇಷ್ಟ್ರು ರಾಮಪ್ಪನವರು. ಬಾಕ್ಸಿಂಗ್‌ನಲ್ಲಿ ತೂಕ ನೋಡಿ ವರ್ಗ ಮಾಡುತ್ತಾರೆ. ನಲವತ್ತೆಂಟು ಕೆಜಿಯವಳು ತನ್ನ ತೂಕದವಳ ಜೊತೆ ಮಾತ್ರ ಆಡಬೇಕು, ಅರವತ್ತಾರರವಳು ಅವಳಂಥವಳ ಜೊತೆ. ಕಾಲೇಜಿನಲ್ಲಿ ತೂಕದ ಯಂತ್ರ ಇರಲಿಲ್ಲ. ನಮ್ಮ ಉಗ್ರಾಣದಲ್ಲಿ ಅಕ್ಕಿ ಮೂಟೆ ತೂಗುವ ಯಂತ್ರವೊಂದಿತ್ತು. ಅದರ ಮೇಲೇ ಈ ಹುಡುಗಿಯರನ್ನೂ ನಿಲ್ಲಿಸುತ್ತಿದ್ದರು. ಹಾಗಾಗಿ ಬಾಕ್ಸಿಂಗಿನ ಮಾತೆಲ್ಲ ನನ್ನ ಅಡುಗೆಮನೆಯ ಬಾಗಿಲಲ್ಲೇ ನಡೆಯುತ್ತಿತ್ತು.

ಅವರಲ್ಲಿ ಇಬ್ಬರು ಚೆನ್ನಾಗಿ ಆಡುತ್ತಿದ್ದರು. ವೀಣಾ ಶೃಂಗೇರಿಯವಳು. ಅವಳ ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ವೀಣಾ ಎತ್ತರದ, ಗಟ್ಟಿ ಆಳು. ತೂಕ ಅರವತ್ತಾರು. ಇನ್ನೊಬ್ಬಳು ಸುಮಿತ್ರಾ, ಮುತ್ತಿನಕೊಪ್ಪದವಳು. ಅಪ್ಪ ಇಲ್ಲ, ತಾಯಿ ಕೂಲಿಗೆ ಹೋಗುತ್ತಿದ್ದಳು. ಸುಮಿತ್ರಾಳ ತೂಕ ನಲವತ್ತೆಂಟು. ಇಬ್ಬರೂ ಒಂದೇ ರೂಮಿನವರು. ಊಟಕ್ಕೂ ಅಕ್ಕಪಕ್ಕವೇ ಕೂರುತ್ತಿದ್ದರು.

ನವೆಂಬರ್ ಕೊನೆಯಲ್ಲಿ ಮೇಷ್ಟ್ರು ಒಂದು ಸುದ್ದಿ ತಂದರು. ದೊಡ್ಡ ಊರೊಂದರಲ್ಲಿ ಒಂದು ವರ್ಷದ ತರಬೇತಿ ಶಿಬಿರ. ಊಟ, ವಸತಿ, ಓದು ಎಲ್ಲ ಅವರದೇ. ಅಲ್ಲಿಂದ ಬಂದವರಿಗೆ ಪೊಲೀಸ್ ಇಲಾಖೆ ಸೇರುವುದು ಸುಲಭ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಒಂದು ಕಾಲೇಜಿನಿಂದ ಒಬ್ಬಳ ಹೆಸರು ಮಾತ್ರ ಕಳಿಸಬೇಕು. ತೂಕ ಯಾವುದಾದರೂ ಸರಿ, ಎಲ್ಲರಿಗಿಂತ ಒಳ್ಳೆಯ ಆಟಗಾರ್ತಿ ಯಾರೋ ಅವಳು.

ಅಲ್ಲಿಂದ ಚರ್ಚೆ ಶುರುವಾಯಿತು. ಬೇರೆ ಬೇರೆ ತೂಕದವರಲ್ಲಿ ಯಾರು ಮೇಲು ಎಂದು ಹೇಗೆ ಹೇಳುವುದು? ಒಂದು ಸಂಜೆ ಮೇಷ್ಟ್ರು ಊಟದ ಹಾಲಿನಲ್ಲೇ ಕೂತು ಆ ವರ್ಷದ ಪಂದ್ಯಗಳ ಅಂಕ ಕೂಡಿಸಿದರು. ವೀಣಾಗೆ ಮೂವತ್ಮೂರು, ಸುಮಿತ್ರಾಗೆ ಇಪ್ಪತ್ಮೂರು.

"ಮುಗೀತಲ್ಲ ಸಾರ್," ಎಂದಳು ವೀಣಾ.

"ಎಂತ ಮುಗಿಯೋದು? ನಿನ್ನ ತೂಕದಲ್ಲಿ ಆಡೋರೇ ಇಲ್ಲ. ಅರ್ಧ ಪಂದ್ಯ ಎದುರಿನವಳು ಬರದೇ ಗೆದ್ದಿದ್ದೀಯ," ಎಂದಳು ಸುಮಿತ್ರಾ. "ನಾನು ನಿನ್ನಷ್ಟೇ ದಪ್ಪ ಇದ್ದಿದ್ರೆ ನಿನ್ನ ಮೂರು ನಿಮಿಷ ನಿಲ್ಲಕ್ಕೆ ಬಿಡ್ತಿರಲಿಲ್ಲ."

"ಇದ್ದಿದ್ರೆ ತಾನೆ. ಈಗ ನಾ ಸುಮ್ನೆ ನಿನ್ನ ಮೇಲೆ ಕೂತ್ರೂ ಸಾಕು, ರೆಫರಿ ಹತ್ತು ಎಣಿಸ್ತಾನೆ."

ಹುಡುಗಿಯರೆಲ್ಲ ನಕ್ಕರು. ಸುಮಿತ್ರಾಳೂ ನಕ್ಕಳು. ಆದರೆ ಅವಳ ಕಣ್ಣು ಮೇಷ್ಟ್ರ ಕೈಯಲ್ಲಿದ್ದ ಹಾಳೆಯ ಮೇಲೇ ಇತ್ತು. ಒಬ್ಬಳು ಕಾಲಿನ ಚುರುಕು ನೋಡಬೇಕು ಎಂದಳು. ಇನ್ನೊಬ್ಬಳು ಎಷ್ಟು ಜನರನ್ನು ಕೆಡವಿದ್ದಾಳೆ ಎಂದು ನೋಡಬೇಕು ಎಂದಳು. ಸಾರು ಆರುತ್ತಿತ್ತು. ನನಗೆ ಸಿಟ್ಟು ಬಂತು.

ಮೇಷ್ಟ್ರು ನನ್ನ ಕಡೆ ತಿರುಗಿ, "ಗಿರಿಜಮ್ಮ, ನೀವೇ ಒಂದು ದಾರಿ ಹೇಳಿ ಮಾರಾಯ್ರೆ," ಎಂದರು. ತಮಾಷೆಗೇ ಕೇಳಿದ್ದು.

ನಾನು ತಮಾಷೆಗೆ ಹೇಳಲಿಲ್ಲ. "ಅಕ್ಕಿ ತರೋವಾಗ ನಾವು ಎಂತ ನೋಡ್ತೀವಿ? ಮೂಟೆ ದೊಡ್ಡದಾ ಅಂತಲ್ಲ. ಒಂದು ಕೆಜಿ ಬೇಯಿಸಿದ್ರೆ ಎಷ್ಟು ಒದಗ್ತದೆ ಅಂತ. ಇವರದ್ದೂ ಹಂಗೇ ನೋಡಿ. ಒಂದು ಕೆಜಿಗೆ ಎಷ್ಟು ಅಂಕ ಬಂತು ಅಂತ ಭಾಗಿಸಿ. ಈಗ ಬಡಿಸ್ಲಾ ಬೇಡ್ವಾ?"

ಮೇಷ್ಟ್ರು ಪೆನ್ನು ತೆಗೆದು ಭಾಗಿಸಿದರು. ವೀಣಾಗೆ ಕೆಜಿಗೆ ಸರಿಯಾಗಿ ಅರ್ಧ ಅಂಕ. ಸುಮಿತ್ರಾಗೆ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. "ಇದಕ್ಕಿಂತ ನ್ಯಾಯದ ಲೆಕ್ಕ ಇಲ್ಲ," ಎಂದರು. ಅರ್ಜಿಯಲ್ಲಿ ಅದನ್ನು ಕಳಿಸುವ ವಾರದ ತೂಕವನ್ನೇ ಬರೆಯಬೇಕಿತ್ತು. ಆದ್ದರಿಂದ ಮೂರು ವಾರ ಬಿಟ್ಟು ಇನ್ನೊಮ್ಮೆ ತೂಗಿ ಹೆಸರು ಕಳಿಸುವುದಾಗಿ ಹೇಳಿದರು. ಲೆಕ್ಕದ ಹಾಳೆಯನ್ನು ಉಗ್ರಾಣದ ಬಾಗಿಲಿಗೆ ಅಂಟಿಸಿದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ನಾಲ್ಕನೇ ಕ್ಲಾಸಿನವಳ ಮಾತನ್ನು ಕಾಲೇಜಿನ ಮೇಷ್ಟ್ರು ಹಾಳೆಗೆ ಬರೆದಿದ್ದರು.

ಆ ಮೂರು ವಾರದಲ್ಲಿ ಪಂದ್ಯ ಯಾವುದೂ ಇರಲಿಲ್ಲ. ಅಂಕ ಬದಲಾಗುವ ಹಾಗಿರಲಿಲ್ಲ. ಬದಲಾಗಬಹುದಾದದ್ದು ತೂಕ ಒಂದೇ. ಇದು ನನಗೆ ಹೊಳೆಯಲಿಲ್ಲ, ಮೇಷ್ಟ್ರಿಗೂ ಹೊಳೆಯಲಿಲ್ಲ. ಸುಮಿತ್ರಾಗೆ ಅವತ್ತೇ ಹೊಳೆದಿರಬೇಕು. ನಲವತ್ತಾರಕ್ಕಿಂತ ಕೆಳಗೆ ಇಳಿದರೆ ಅವಳ ಲೆಕ್ಕ ಅರ್ಧ ದಾಟುತ್ತಿತ್ತು. ವೀಣಾಳ ತೂಕ ಏರಿದರೆ ವೀಣಾಳ ಲೆಕ್ಕ ಅರ್ಧದಿಂದ ಕೆಳಗಿಳಿಯುತ್ತಿತ್ತು.

ನನ್ನದೊಂದು ಕಟ್ಟುನಿಟ್ಟಿತ್ತು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಬಾರದು. ತೊಳೆಯುವ ಜಾಗದಲ್ಲಿ ನಿಂತು ಒಂದೊಂದೇ ತಟ್ಟೆ ನೋಡುತ್ತಿದ್ದೆ. ಸುಮಿತ್ರಾಳ ತಟ್ಟೆ ಯಾವತ್ತೂ ಒರೆಸಿದ ಹಾಗಿರುತ್ತಿತ್ತು. ಒಳ್ಳೆಯ ಹುಡುಗಿ ಎಂದುಕೊಂಡೆ. ನಾನು ಅನ್ನ ಬಡಿಸಿ ಸಾರು ತರಲು ಒಳಗೆ ಹೋಗುತ್ತಿದ್ದೆನಲ್ಲ, ಅಷ್ಟರಲ್ಲಿ ಅವಳ ಅನ್ನ ವೀಣಾಳ ತಟ್ಟೆಗೆ ಹೋಗುತ್ತಿತ್ತು. ಇದು ಗೊತ್ತಾದದ್ದು ಆಮೇಲೆ.

ಡಿಸೆಂಬರ್ ಚಳಿಯಲ್ಲಿ ಸುಮಿತ್ರಾಳ ತುಟಿ ಒಡೆದಿತ್ತು. "ತುಟಿಗೆ ತುಪ್ಪ ಹಚ್ಚೇ," ಎಂದು ಒಂದು ಚಮಚ ತುಪ್ಪ ಕೊಟ್ಟೆ. ಬೆಳಿಗ್ಗೆ ಬಿಸಿಲಿದ್ದರೂ ಪ್ಲಾಸ್ಟಿಕ್ ಕೋಟು ತೊಟ್ಟು ಓಡುತ್ತಿದ್ದಳು. "ಎಂತಕ್ಕೆ ಮಾರಾಯ್ತಿ, ಮಳೆ ಬಂತಾ?" ಎಂದು ಕೇಳಿದೆ. "ಅಭ್ಯಾಸಕ್ಕೆ ಅಕ್ಕ," ಎಂದಳು. ಬೆವರು ಹರಿದು ತೂಕ ಇಳಿಯಲಿ ಎಂದು ಹಾಗೆ ಓಡುತ್ತಾರಂತೆ. ಕೊನೆಯ ಎರಡು ದಿನ ನೀರನ್ನೂ ಬಿಟ್ಟಿದ್ದಳು. ಲೋಟದ ನೀರು ಹಾಗೇ ಇರುತ್ತಿದ್ದದ್ದನ್ನು ನಾನು ನೋಡಿದ್ದೆ. ನೋಡಿ, ಆ ನೀರನ್ನು ಬಕೆಟ್ಟಿಗೆ ಸುರಿದು ಲೋಟ ತೊಳೆದೆ.

ತೂಗುವ ದಿನ ಬೆಳಿಗ್ಗೆ ಮೊದಲು ಸುಮಿತ್ರಾ ನಿಂತಳು. ಮೇಷ್ಟ್ರು ಮುಳ್ಳು ನೋಡಿ "ನಲವತ್ತೈದು" ಎಂದರು. ಅವಳು ಇಳಿದಳು, ಉಗ್ರಾಣದ ಬಾಗಿಲವರೆಗೆ ನಡೆದಳು, ಅಲ್ಲೇ ಕುಸಿದಳು. ನಾನು ಎತ್ತಿಕೊಂಡೆ. ಅಕ್ಕಿ ಮೂಟೆ ಎತ್ತುವ ಕೈಗೆ ಅವಳು ಭಾರವೇ ಆಗಲಿಲ್ಲ. ಮೈ ತಣ್ಣಗಿತ್ತು.

ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದೆವು. ಮೈಯ ನೀರು ಬತ್ತಿ ಕಿಡ್ನಿ ಕೆಲಸ ನಿಲ್ಲಿಸಿದೆ ಎಂದರು ಡಾಕ್ಟರು. ಕಿಡ್ನಿ ನಿಂತರೆ ರಕ್ತದಲ್ಲಿ ಪೊಟ್ಯಾಷಿಯಂ ಎನ್ನುವ ಒಂದು ಬಗೆಯ ಲವಣ ಏರುತ್ತದಂತೆ. ಅದು ಏರಿದರೆ ಹೃದಯದ ಬಡಿತ ತಪ್ಪುತ್ತದಂತೆ. ನಾನು ಅರ್ಥ ಮಾಡಿಕೊಂಡದ್ದು ಇಷ್ಟು.

ಎರಡನೇ ದಿನ ಅವಳಿಗೆ ಎಚ್ಚರವಾಯಿತು. ಪಕ್ಕದಲ್ಲಿ ನಾನೊಬ್ಬಳೇ ಇದ್ದೆ.

"ಅಕ್ಕಾ, ವೀಣಾ ಎಷ್ಟು ಬಂದ್ಲು?"

ಅವಳು ಬಿದ್ದ ಗಲಾಟೆಯಲ್ಲಿ ವೀಣಾಳನ್ನು ತೂಗಿಯೇ ಇರಲಿಲ್ಲ. ಮೇಷ್ಟ್ರು ಆಮೇಲೆ ತೂಗಿದ್ದನ್ನು ಫೋನಿನಲ್ಲಿ, ನಮ್ಮ ಜೊತೆ ಆಸ್ಪತ್ರೆಗೆ ಬಂದಿದ್ದ ಹಾಸ್ಟೆಲ್ ವಾರ್ಡನ್‌ಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. "ಅರವತ್ತೆಂಟು," ಎಂದೆ.

ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಭಾಗಿಸುತ್ತಿದ್ದಾಳೆ ಎಂದು ಗೊತ್ತಾಯಿತು. "ಹಂಗಾದ್ರೆ ನಾನೇ ಮೇಲೆ. ಅಲ್ದಾ ಅಕ್ಕ?"

"ಹೌದು ಮಗಾ. ನೀನೇ."

ಮಾರನೆಯ ದಿನ ಮಧ್ಯಾಹ್ನ ಅವಳು ಹೋದಳು. ಹದಿನೇಳು ವರ್ಷದ ಹುಡುಗಿ.

ಅವಳ ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನ ಸೆರಗು ಹಿಡಿದು ಒಂದೇ ಮಾತು ಕೇಳಿದಳು. "ಅಲ್ಲಕ್ಕ, ಹಾಸ್ಟೆಲಲ್ಲಿ ನನ್ ಮಗಳು ಹೊಟ್ಟೆ ತುಂಬ ಉಣ್ತಿದ್ಲಾ?"

"ತಟ್ಟೆ ಖಾಲಿ ಆಗ್ತಿತ್ತು," ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಆ ವರ್ಷ ಯಾರ ಹೆಸರೂ ಹೋಗಲಿಲ್ಲ. ವೀಣಾ ತಾನು ಹೋಗುವುದಿಲ್ಲ ಎಂದಳು, ಮೇಷ್ಟ್ರೂ ಒತ್ತಾಯ ಮಾಡಲಿಲ್ಲ. ಶೆಡ್ಡಿನ ಹಗ್ಗ ಬಿಚ್ಚಿಸಿದರು. ಬಾಗಿಲ ಮೇಲಿನ ಹಾಳೆಯನ್ನು ನಾನೇ ಕಿತ್ತು ಒಲೆಗೆ ಹಾಕಿದೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ಊರಿಗೆ ಹೊರಟ ದಿನ ವೀಣಾ ಟ್ರಂಕು ಹೊರಗಿಟ್ಟು ಅಡುಗೆಮನೆಗೆ ಬಂದಳು. ಸುಮಿತ್ರಾ ತನ್ನ ಅನ್ನ ಕೊಡುತ್ತಿದ್ದದ್ದನ್ನು ಅವಳು ಹೇಳಿದ್ದು ಆಗಲೇ. ಎರಡು ವಾರ, ಎರಡು ಹೊತ್ತೂ. ಹೇಳಿ, ನೆಲ ನೋಡುತ್ತಾ ನಿಂತಳು.

ನನಗೆ ಸಿಹಿ ಹಚ್ಚಿ ಮಾತಾಡಲು ಬರುವುದಿಲ್ಲ. "ಅವಳು ಪ್ರೀತಿಗೆ ಕೊಟ್ಟಿದ್ದಲ್ಲ ಕಣೇ," ಎಂದೆ. "ನಿನ್ನ ತೂಕ ಏರ್ಲಿ ಅಂತ ಕೊಟ್ಟಿದ್ದು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೂ ಅದನ್ನೇ. ಆ ಲೆಕ್ಕ ಹೇಳಿಕೊಟ್ಟೋಳು ನಾನು. ಬೈಯೋದಾದ್ರೆ ನನ್ನ ಬೈಯಿ."

"ನಂಗೊತ್ತಿತ್ತು ಅಕ್ಕ."

"ಎಂತ ಗೊತ್ತಿತ್ತು?"

"ಎಂತಕ್ಕೆ ಕೊಡ್ತಾಳೆ ಅಂತ. ಬಾಗಿಲ ಮೇಲಿದ್ದ ಹಾಳೆ ನಾನೂ ಓದಿದ್ನಲ್ಲ. ನಮ್ಮನೇಲಿ ಅಪ್ಪ ದುಡೀತಾನೆ, ಅವಳಿಗೆ ಅಪ್ಪ ಇಲ್ಲ, ಅವಳೇ ಹೋಗ್ಲಿ ಅಂತ ಅನ್ನಿಸ್ತು. ನಾ ಬಿಟ್ಟುಕೊಟ್ರೆ ಅವಳು ತಗೊಳ್ಳೋಳಲ್ಲ. ಅದಕ್ಕೇ ಏನೂ ಗೊತ್ತಿಲ್ಲದೋರ ಥರ ತಿಂದೆ. ಹಸಿವಿಲ್ಲದಿದ್ರೂ ತಿಂದೆ. ನನ್ನ ತೂಕ ಎಷ್ಟಾಯ್ತು ಅಂತ ದಿನಾ ನೋಡ್ತಿದ್ದೆ ಅಕ್ಕ. ಅವಳು ಎಂತ ಉಂಡ್ಲು ಅಂತ ಒಂದಿನವೂ ನೋಡಲಿಲ್ಲ."

ನಾನು ಒಂದು ತಟ್ಟೆಗೆ ಅನ್ನ ಹಾಕಿ ಅವಳ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಹೊರಗೆ ಅವಳಪ್ಪನ ಬಸ್ಸು ಹಾರ್ನ್ ಹೊಡೆಯುವವರೆಗೂ ಇಬ್ಬರೂ ಆ ತಟ್ಟೆಯ ಮುಂದೆ ಕೂತಿದ್ದೆವು.

ಆಮೇಲೆ ನಾಲ್ಕು ವರ್ಷ ಅಲ್ಲೇ ಕೆಲಸ ಮಾಡಿದೆ. ಅಕ್ಕಿ ತರುವಾಗ ಈಗಲೂ ಕೆಜಿಗೆ ಎಷ್ಟು ಒದಗುತ್ತದೆ ಎಂದೇ ಕೇಳುತ್ತೇನೆ. ಅಕ್ಕಿಗೆ ಆ ಲೆಕ್ಕ ಸರಿ. ಮನುಷ್ಯರಿಗೆ ಹಚ್ಚಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಿದ್ದೇನೆ. ತಟ್ಟೆ ನೋಡಲು ತೊಳೆಯುವ ಜಾಗದಲ್ಲಿ ನಿಲ್ಲುವುದನ್ನು ಬಿಟ್ಟೆ. ಬಡಿಸಿದ ಮೇಲೆ ಸಾಲಿನ ನಡುವೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಪೊಲೀಸಿನವಳ ಹಾಗೆ ಕೂರುತ್ತಾಳೆ ಎಂದು ಹುಡುಗಿಯರು ಗೊಣಗುತ್ತಿದ್ದರು. ಗೊಣಗಲಿ. ಅಡುಗೆಯವಳ ಕೆಲಸ ಬಡಿಸಿದಲ್ಲಿಗೆ ಮುಗಿಯುವುದಿಲ್ಲ, ತುತ್ತು ಗಂಟಲಿಳಿದದ್ದನ್ನು ನೋಡಿದ ಮೇಲೆ ಮುಗಿಯುತ್ತದೆ. ಇಷ್ಟನ್ನು ಕಲಿಯಲು ನನಗೆ ಹದಿನೇಳು ವರ್ಷ ಮತ್ತು ಒಬ್ಬಳು ಹುಡುಗಿ ಬೇಕಾಯಿತು.