ಬಿಸಿ ಬನಿಯನ್ನೂ ಫ್ಲಾಸ್ಕಿನ ಮುಚ್ಚಳವೂ

ರಾಗ್ನಿ ನೀರಿನಿಂದ ಮೇಲೆ ಬಂದಾಗ ಓಡ್ವಾರ್ ಕೈ ಕೊಡುತ್ತಿದ್ದ, ಬೆನ್ನಿನ ಸಿಲಿಂಡರ್ ಇಳಿಸುತ್ತಿದ್ದ, ಚಿಪ್ಪು ತುಂಬಿದ ಬಲೆಚೀಲವನ್ನು ಎಳೆದುಕೊಳ್ಳುತ್ತಿದ್ದ. ಕಾಫಿ ಫ್ಲಾಸ್ಕಿನ ಮುಚ್ಚಳವನ್ನು ಮಾತ್ರ ತೆಗೆದುಕೊಡುತ್ತಿರಲಿಲ್ಲ. ಅದನ್ನು ಅವಳೇ ತಿರುಗಿಸಬೇಕು. ತಿರುಗಿದರೆ ಇನ್ನೊಂದು ಸಲ ಇಳಿಯಬಹುದು, ತಿರುಗದಿದ್ದರೆ ದೋಣಿ ನೇರ ಮನೆಗೆ. ಇಪ್ಪತ್ತೆರಡು ವರ್ಷಗಳಿಂದ ಆ ದೋಣಿಯ ಕಾನೂನು ಅದು. ಚಳಿಯಾಯಿತೇ ಎಂದು ಬಾಯಿಯನ್ನು ಕೇಳಿದರೆ ಸುಳ್ಳು ಹೇಳಬಹುದು. ಬೆರಳಿಗೆ ಸುಳ್ಳು ಬರುವುದಿಲ್ಲ.

ರಾಗ್ನಿಗೆ ಐವತ್ತೇಳು. ಒಳನಾಡಿನ ಕಣಿವೆಯವಳು. ಫ್ರೋಯಾ ದ್ವೀಪಕ್ಕೆ ಮೀನು ಕಾರ್ಖಾನೆಯ ಕೆಲಸಕ್ಕೆಂದು ಬಂದಾಗ ಈಜು ಕೂಡ ಬರುತ್ತಿರಲಿಲ್ಲ. ಈಜು ಕಲಿಸಿದವನು ಸ್ಟೈನಾರ್. ಅವನನ್ನೇ ಮದುವೆಯಾಗಿ, ಅವನ ಜೊತೆಯಲ್ಲೇ ಸಮುದ್ರದ ತಳಕ್ಕಿಳಿದು ಬೀಸಣಿಗೆಯಾಕಾರದ ದೊಡ್ಡ ಚಿಪ್ಪುಗಳನ್ನು ಕೈಯಿಂದ ಆರಿಸುವ ಕಸುಬು ಹಿಡಿದಳು. ಮುಂದೆ ಸ್ಟೈನಾರ್‌ನ ಕಿವಿ ಕೆಟ್ಟು, ನೀರಿಗಿಳಿಯುವುದು ನಿಂತಿತು. ಆತ ಮನೆಯಲ್ಲಿ ಕೂತು ಹೆಣಿಗೆ ಕಲಿತ. ಹೆಂಡತಿ ನೀರು ಒಳಬಿಡದ ಡ್ರೈಸೂಟಿನ ಒಳಗೆ ತೊಡುವ ಉಣ್ಣೆ ಬಟ್ಟೆಯೆಲ್ಲ ಅವನ ಕೈಯದೇ. ದೋಣಿ ಮಾತ್ರ ಅವನ ಅಣ್ಣ ಓಡ್ವಾರ್‌ನದು.

ಮರಳಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ತೆಳ್ಳಗೆ ಕಾಣುವ ಅರ್ಧಚಂದ್ರದ ಗೆರೆ ನೋಡಿ, ಅದರಡಿ ಚಿಪ್ಪಿದೆ ಎಂದು ಹೇಳುವುದರಲ್ಲಿ ರಾಗ್ನಿಯನ್ನು ಮೀರಿಸಿದವರು ಆ ದ್ವೀಪದಲ್ಲಿ ಇರಲಿಲ್ಲ. ಕಣ್ಣು ಈಗಲೂ ಹಾಗೇ ಇತ್ತು. ಬೆರಳು ಮಾತ್ರ ಈಚೆಗೆ ಬೇಗ ಬಿಳಿಚಿಕೊಳ್ಳುತ್ತಿದ್ದವು. ಜನವರಿಯಲ್ಲಿ ಒಂದು ದಿನ ಮುಚ್ಚಳ ತಿರುಗಲಿಲ್ಲ.

"ನೋಡು ರಾಗ್ನಿ," ಎಂದ ಓಡ್ವಾರ್. "ಒಂದು ಆಯ್ತು. ಈ ಚಳಿಗಾಲ ಇದೇ ಥರ ಮೂರು ಸಲ ಆದ್ರೆ ನಾನು ದೋಣಿ ದಡಕ್ಕೆ ಎಳೆದುಬಿಡ್ತೀನಿ. ತಮ್ಮನ ಹೆಂಡತೀನ ಹೆಪ್ಪುಗಟ್ಟಿಸ್ದ ಅಂತ ಅನ್ನಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ."

ಆ ವಯಸ್ಸಿನವಳನ್ನು ಬೇರೆ ದೋಣಿಯವರು ಹತ್ತಿಸಿಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಿಷಯ ಪಟ್ಟಣದಲ್ಲಿದ್ದ ಅವಳ ಮಗಳ ಕಿವಿಗೆ ಬಿತ್ತು. ಹತ್ತು ದಿನದಲ್ಲಿ ಮಗಳಿಂದ ಒಂದು ಪೊಟ್ಟಣ ಬಂತು. ಒಳಗೆ ಸಣ್ಣ ತಂತಿಗಳನ್ನು ಹೊಲಿದ ತೋಳಿಲ್ಲದ ಬನಿಯನ್, ಸಲಕ್ಕೆ ಒಂದರಂತೆ ಸೊಂಟಕ್ಕೆ ಕಟ್ಟುವ ಎರಡು ಬ್ಯಾಟರಿ, ದಪ್ಪ ಕೈಗವಸಿನಲ್ಲೂ ತಿರುಗಿಸಬಹುದಾದ ಒಂದು ಗುಂಡಿ.

ಸ್ಟೈನಾರ್ ಅದನ್ನು ಎತ್ತಿ ಬೆಳಕಿಗೆ ಹಿಡಿದ. "ಕರೆಂಟಿನ ಬನಿಯನ್. ಹಾಗಾದ್ರೆ ನನ್ನ ಉಣ್ಣೆ ಇನ್ನು ಬೆಕ್ಕಿಗೆ ಹಾಸೋಕಾ?"

"ಒಳಗೊಂದು ನಿನ್ನದು, ಹೊರಗೊಂದು ನಿನ್ನದು. ಇದು ಮಧ್ಯ, ಬ್ರೆಡ್ಡಿನ ನಡುವೆ ಕಂದು ಚೀಸ್ ಇದ್ದ ಹಾಗೆ."

"ಜನ ತಿನ್ನೋದು ಚೀಸಿಗಾಗಿ, ಬ್ರೆಡ್ಡಿಗಾಗಿ ಅಲ್ಲ," ಎಂದು ಅವನು ಗೊಣಗಿದ.

ಆ ಕಡೆಯ ಜನ ಬೀಗ ಹಾಕಿಟ್ಟ ತಮ್ಮ ಗುಡಿಸಲಿಗೆ ರಜೆಯಲ್ಲಿ ಹೋದರೆ ಕೋಟು ಬಿಚ್ಚುವ ಮೊದಲೇ ಒಲೆ ಹಚ್ಚುತ್ತಾರೆ. ಮೊದಲು ಒಲೆ, ಆಮೇಲೆ ಬೇರೆ ಮಾತು. ರಾಗ್ನಿ ಬನಿಯನ್ನಿಗೂ ಹಾಗೇ ಮಾಡಿದಳು. ದೋಣಿಯಲ್ಲೇ ಗುಂಡಿಯನ್ನು ಪೂರ್ತಿ ತಿರುಗಿಸಿ, ಬೆಚ್ಚಗಾಗಿ, ಇಪ್ಪತ್ತೆರಡು ಮೀಟರ್ ಕೆಳಗೆ ಐದು ಡಿಗ್ರಿ ನೀರಿನಲ್ಲಿ ಬೇಸಿಗೆಯಲ್ಲಿದ್ದಂತೆ ಚಿಪ್ಪು ಆರಿಸಿದಳು. ಹಾಯೆನಿಸಿದ್ದರಿಂದ ಐದು ನಿಮಿಷ ಹೆಚ್ಚೇ ಇದ್ದಳು. ಮೇಲೆ ಬರುವಾಗ, ಮೈಯೊಳಗೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಲೆಂದು, ನಾಲ್ಕು ಮೀಟರ್ ಆಳದಲ್ಲಿ ಹಗ್ಗ ಹಿಡಿದು ಅಲ್ಲಾಡದೆ ಕಾಯಬೇಕು. ಬ್ಯಾಟರಿ ಮುಗಿದದ್ದು ಸರಿಯಾಗಿ ಅಲ್ಲಿ. ಬೆವರಿದ ಉಣ್ಣೆ ಮೈಗಂಟಿ ತಣ್ಣಗಾಯಿತು. ಹನ್ನೆರಡು ನಿಮಿಷ ಹಲ್ಲು ಕಡಿದುಕೊಂಡು ನೇತಾಡಿದಳು.

ಮುಚ್ಚಳ ಕದಲಲಿಲ್ಲ.

"ಎರಡು," ಎಂದಷ್ಟೇ ಹೇಳಿ ಓಡ್ವಾರ್ ಎಂಜಿನ್ ಚಾಲೂ ಮಾಡಿದ.

ಮನೆಗೆ ಬಂದು ರಾಗ್ನಿ ಮೊದಲು ಮಾಡಿದ್ದು ಒಳ ಅಂಗಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟದ್ದು. ಒಣಗಿದ್ದಾಗಿನ ತೂಕಕ್ಕಿಂತ ನೂರನಲವತ್ತು ಗ್ರಾಂ ಹೆಚ್ಚು. ಡ್ರೈಸೂಟ್ ಸೋರಿರಲಿಲ್ಲ, ಅಷ್ಟೂ ಬೆವರು. ಮರುದಿನ ಜೆಟ್ಟಿಯ ಪಕ್ಕ, ನಾಲ್ಕು ಮೀಟರ್ ನೀರಿನಲ್ಲಿ ಕೂತು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಅಳೆದಳು. ಮೇಲೆ ಸ್ಟೈನಾರ್ ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಕೂತು ಹೆಣೆಯುತ್ತಿದ್ದ. ಪೂರ್ತಿ ಉರಿಗೆ ಐವತ್ತೆರಡು ನಿಮಿಷ. ಸಣ್ಣ ಉರಿಗೆ ಎರಡು ಗಂಟೆಗೂ ಮೇಲೆ, ಆದರೆ ಬೆರಳಿಗೆ ಆ ಬಿಸಿ ಮುಟ್ಟಲಿಲ್ಲ.

ಅಟ್ಟದಿಂದ ತರಬೇತಿಯ ಹಳೆಯ ನೋಟ್‌ಬುಕ್ ತಂದು ಓದಿದಳು. ಅವಳದೇ ಕೈಬರಹ: ತಳದಲ್ಲಿ ಮೈ ಬಿಸಿಯಾಗಿದ್ದರೆ ರಕ್ತ ಜೋರಾಗಿ ಓಡಿ ಸಾರಜನಕ ಹೆಚ್ಚು ಸೇರುತ್ತದೆ, ಏರುವಾಗ ಮೈ ತಣ್ಣಗಿದ್ದರೆ ಅದು ನಿಧಾನವಾಗಿ ಬಿಡುತ್ತದೆ. ಅಂದರೆ ಅವಳು ಎರಡೂ ತಲೆಕೆಳಗು ಮಾಡಿದ್ದಳು.

"ಮೂವತ್ತು ವರ್ಷದ ಹಿಂದೆ ನೀನೇ ಬರ್ಕೊಂಡಿದ್ದು," ಎಂದ ಸ್ಟೈನಾರ್, ಸೂಜಿಯಿಂದ ಕಣ್ಣೆತ್ತದೆ.

"ಆಗ ಬಿಸಿ ಮಾಡ್ಕೊಳ್ಳೋಕೆ ಏನಿತ್ತು ಮಾರಾಯ, ನಿನ್ನ ಬಿಟ್ರೆ?"

ಅವನ ಹೆಣಿಗೆಯಲ್ಲಿ ಒಂದು ಕುಣಿಕೆ ತಪ್ಪಿತು.

ಮಾರ್ಚ್ ಮೊದಲ ವಾರ, ದೋಣಿಯ ಮೇಲೆ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ರಾಗ್ನಿ ಗುಂಡಿ ಮುಟ್ಟದೆ ನೀರಿಗಿಳಿದಳು. ಮೂವತ್ತನೆಯ ನಿಮಿಷಕ್ಕೆ ಬೆರಳ ತುದಿ ನೋಯತೊಡಗಿತು. ಎದೆಯ ಮೇಲೆ ಹೊಚ್ಚ ಹೊಸ ಒಲೆ ಇಟ್ಟುಕೊಂಡು ಚಳಿಯಲ್ಲಿರುವುದು ಸುಲಭವಲ್ಲ. ಕೈ ಎರಡು ಸಲ ಸೊಂಟದ ಕಡೆ ಹೋಯಿತು, ಎರಡು ಸಲವೂ ಒಂದೊಂದು ಚಿಪ್ಪು ಆರಿಸಿ ಅದನ್ನು ಸುಮ್ಮನಾಗಿಸಿದಳು. ಮೂವತ್ತೈದಕ್ಕೆ ತಳ ಬಿಟ್ಟಳು. ಮುಂದೆ ಇನ್ನೂ ನಾಲ್ಕು ಅರ್ಧಚಂದ್ರ ಕಾಣುತ್ತಿದ್ದವು, ಅಲ್ಲೇ ಬಿಟ್ಟು ಬಂದಳು. ನಾಲ್ಕು ಮೀಟರಿಗೆ ಬಂದು ಹಗ್ಗ ಹಿಡಿದ ಮೇಲೆ ಗುಂಡಿ ತಿರುಗಿಸಿದಳು, ಪೂರ್ತಿ. ಮೂರನೆಯ ನಿಮಿಷಕ್ಕೆ ಎದೆ ಬಿಸಿಯಾಯಿತು. ಎಂಟನೆಯ ನಿಮಿಷಕ್ಕೆ ಬೆರಳುಗಳಲ್ಲಿ ಇರುವೆ ಹರಿದಂತೆ ಚುರುಚುರು. ಆ ನೋವು ಅವಳಿಗೆ ಬಹಳ ಹಿಡಿಸಿತು.

ಓಡ್ವಾರ್ ಫ್ಲಾಸ್ಕನ್ನು ಹಲಗೆಯ ಮೇಲಿಟ್ಟು ಸಮುದ್ರದ ಕಡೆ ತಿರುಗಿ ನಿಂತ. ಮೊದಲ ಸಲ ಕೈ ಜಾರಿತು. ಅವನು ತಿರುಗಲಿಲ್ಲ. ರಾಗ್ನಿ ಅಂಗೈಯನ್ನು ಉಣ್ಣೆ ಟೋಪಿಗೆ ಒರೆಸಿ ಮತ್ತೆ ಹಿಡಿದಳು. ಮುಚ್ಚಳ ಕಿರ್ರೆಂದು ತಿರುಗಿತು.

"ಇಷ್ಟು ಗಟ್ಟಿಯಾಗಿ ಯಾಕೆ ಮುಚ್ಚಿದ್ದೆ?"

"ಅನುಮಾನ ಉಳೀಬಾರ್ದು ಅಂತ," ಎಂದ ಓಡ್ವಾರ್. ಮುಖ ಇನ್ನೂ ಸಮುದ್ರದ ಕಡೆಗೇ ಇತ್ತು. "ನಂಗೂ ಒಂದ್ ಲೋಟ ಹಾಕು."

ಅವಳು ತನಗೆ ಬಗ್ಗಿಸಿಕೊಂಡು, ಅಷ್ಟೇ ಗಟ್ಟಿಯಾಗಿ ಮುಚ್ಚಳ ಹಾಕಿ, ಫ್ಲಾಸ್ಕನ್ನು ಅವನ ಕಡೆ ಚಾಚಿದಳು. ಒಂದು ಗಂಟೆ ಬರಿಗೈಯಲ್ಲಿ ಒದ್ದೆ ಹಗ್ಗ ಹಿಡಿದಿದ್ದವನು ತಿರುಗಿಸಿ ನೋಡಿದ, ಮುಚ್ಚಳ ಕದಲಲಿಲ್ಲ. ತೊಡೆಗಳ ನಡುವೆ ಇಟ್ಟು ತಿರುಗಿಸಿದ, ಆಗಲೂ ಇಲ್ಲ. ಹಲ್ಲಿನಿಂದಲೂ ತಿರುಗಿಸಿ ನೋಡುವವನಿದ್ದ.

"ಒಂದು," ಎಂದಳು ರಾಗ್ನಿ.

ಓಡ್ವಾರ್ ಫ್ಲಾಸ್ಕನ್ನು ಅವಳ ಕೈಗೆ ವಾಪಸು ಕೊಟ್ಟ. "ಆ ಬನಿಯನ್... ಗಂಡಸರ ಅಳತೇದೂ ಬರುತ್ತಾ?"

"ಬರುತ್ತೆ. ಸ್ಟೈನಾರ್ ಹತ್ರ ಮಾತ್ರ ಬಾಯಿ ಬಿಡ್ಬೇಡ. ನಿಂಗೆ ಅಂತ ಸ್ವೆಟರ್ ಹೆಣೀತಿದಾನೆ."

ಫ್ಲಾಸ್ಕ್ ತೆರೆದು ಅವನಿಗೂ ಕಾಫಿ ಕೊಟ್ಟು, ಸಮಯ ನೋಡಿ, ಮುಂದಿನ ಇಳಿತಕ್ಕೆಂದು ಎರಡನೆಯ ಬ್ಯಾಟರಿಯನ್ನು ಪಕ್ಕಕ್ಕೆ ತೆಗೆದಿಟ್ಟುಕೊಂಡಳು. ಆ ನಾಲ್ಕು ಅರ್ಧಚಂದ್ರಗಳು ಕೆಳಗೆ ಹಾಗೇ ಕಾದಿದ್ದವು.