ಎಫೀ ಗೆಡೆಸ್ ತನ್ನ ಕೋಲು ತಾನೇ ಆರಿಸಿದ್ದು

ಎಫೀ ಗೆಡೆಸ್‌ಗೆ ನೆತ್ತಿಗೆ ಸಿಟ್ಟೇರಿದ್ದು ಚೆಂಡು ತಪ್ಪಿದಾಗಲ್ಲ, ನೆಟ್ಟಗೆ ಹಾರಿದಾಗ.

ಐವತ್ತಾರನೇ ವಯಸ್ಸಿಗೆ ಅವಳು ಗಾಲ್ಫ್ ಹಿಡಿದಿದ್ದಳು. ಸಮುದ್ರದಂಚಿನ ಆ ಮರಳುದಿಬ್ಬದ ಮೈದಾನ ಊರಿನವರದೇ. ಮೀನು ಹಿಡಿಯುವವನೂ ಆಡುತ್ತಿದ್ದ, ಪಾದ್ರಿಯೂ ಆಡುತ್ತಿದ್ದ. ಎಫೀ ಮಾತ್ರ ಮದುವೆಯಾದಾಗಿನಿಂದ ಅದರ ಪಕ್ಕದ ಹಾದಿಯಲ್ಲೇ ಹೊಗೆಮೀನಿನ ಶೆಡ್ಡಿಗೆ ಹೋಗಿ ಬರುತ್ತಿದ್ದಳು. ಹ್ಯಾಡಕ್ ಮೀನುಗಳ ಬಾಲಕ್ಕೆ ಬಾಲ ಕಟ್ಟಿ ಜೋಡಿ ಮಾಡಿ, ಗಳುಗಳಿಗೆ ನೇತುಹಾಕಿ, ಆ ಒದ್ದೆ ಗಳುಗಳನ್ನು ಎತ್ತಿ ಬೆಂಕಿಗುಂಡಿಯ ಮೇಲಿಡುವುದು ಅವಳ ಕೆಲಸ. ಗಂಡ ವಾಟಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದ. ರಜೆ ಬಂದರೆ ಮೈದಾನ ಬಿಟ್ಟು ಕದಲುತ್ತಿರಲಿಲ್ಲ. ನಾನೂ ಆಡುತ್ತೇನೆ ಎಂದು ಹೆಂಡತಿ ಹೇಳಿದಾಗ ಗ್ಯಾರೇಜಿನ ಮೂಲೆಯಿಂದ ತನ್ನ ಹಳೇ ಸೆಟ್ಟನ್ನು ಎಳೆದುಕೊಟ್ಟಿದ್ದ.

"ಕಲಿಯೋರಿಗೆ ಇದೇ ಹೆಚ್ಚು. ಇದ್ರಲ್ಲಿ ಹೊಡೆಯೋದು ಬರಲಿ, ಆಮೇಲೆ ನೋಡೋಣ."

ಅವು ಆರಡಿ ಗಂಡಸಿಗೆ ಮಾಡಿದ ಉಕ್ಕಿನ ಕೋಲುಗಳು. ದಂಡ ಒಂದಿಷ್ಟೂ ಬಾಗದು. ಹಿಡಿ ಸವೆದು ಗಾಜಿನ ಹಾಗೆ ಜಾರುತ್ತಿತ್ತು. ಎಫೀ ಐದಡಿಯೂ ಪೂರಾ ಇಲ್ಲ. ಆದರೂ ಒಂದಿಡೀ ವರ್ಷ ಗಾಳಿಯೆನ್ನದೆ ಚಳಿಯೆನ್ನದೆ ಹೊಡೆದಳು. ಚೆಂಡು ಮೊಲದ ಮರಿಯಂತೆ ಹುಲ್ಲಲ್ಲಿ ನಾಲ್ಕು ಸಲ ಕುಪ್ಪಳಿಸಿ ಕೂತುಬಿಡುತ್ತಿತ್ತು. ಮೊಣಕೈ ಊದಿಕೊಂಡಿತು.

"ತೋಳಲ್ಲಿ ಬಲ ಇಲ್ಲ ಕಣೇ ನಿಂಗೆ," ಎನ್ನುತ್ತಿದ್ದ ವಾಟಿ.

ಎಫೀ ಅದನ್ನು ನಂಬಿದಳು. ದಿನವೆಲ್ಲ ಮೀನಿನ ಗಳು ಎತ್ತುವವಳು, ನಂಬಿದಳು.

ಒಂದು ಶನಿವಾರ ಗೆಳತಿ ಈನಾ ಅವಳ ಜೊತೆ ಆಡಲು ಬಂದಳು. ಈನಾ ಮೊದಲು ಅಂಚೆ ಹಂಚುತ್ತಿದ್ದವಳು, ಎತ್ತರದಲ್ಲಿ ಎಫೀಗೆ ಸರಿಜೋಡಿ. "ನಂದರಲ್ಲಿ ಒಂದ್ಸಲ ಹೊಡೆದು ನೋಡೇ," ಎಂದು ತನ್ನ ಏಳನೇ ನಂಬರಿನ ಕೋಲು ಕೊಟ್ಟಳು. ಕೈಗೆ ಹಗುರವಾಗಿತ್ತು. ಎಫೀ ಬೀಸಿದಳು. ಚೆಂಡು ಎದ್ದು, ಗಾಳಿ ಸೀಳಿಕೊಂಡು ಹೋಗಿ ದಿಬ್ಬದಾಚೆ ಬಿತ್ತು.

"ಎಲ್ಲಿ ಬಚ್ಚಿಟ್ಟಿದ್ದೆಯೇ ಇದನ್ನ ಇಷ್ಟು ದಿನ!" ಈನಾ ಚಪ್ಪಾಳೆ ತಟ್ಟಿದಳು.

ಎಫೀ ನಗಲಿಲ್ಲ. ಇನ್ನೊಂದು ಹೊಡೆದಳು, ಮತ್ತೊಂದು ಹೊಡೆದಳು. ಎಲ್ಲವೂ ಹಾರಿದವು.

"ಈಗ ನೀನು ನಂದನ್ನ ಬೀಸು."

ಈನಾ ಬೀಸಿದವಳೇ ಕೈ ಕೊಡವಿಕೊಂಡಳು. "ಅಯ್ಯೋ, ಇದೇನೇ ಬೇಲಿಗೂಟ! ಯಾರು ಕೊಟ್ಟೋರು?"

ಎಫೀ ಚೀಲ ಹೆಗಲಿಗೇರಿಸಿ ಮನೆಗೆ ನಡೆದಳು.

ವಾಟಿ ಗ್ಯಾರೇಜಿನಲ್ಲಿ ಕೂತು ಡ್ರೈವರ್ ಎಂಬ ಹೊಸ ಕೋಲನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದ. ದೂರಕ್ಕೆ ಬಾರಿಸುವ ಆ ದಪ್ಪತಲೆಯ ಕೋಲು ಆ ವರ್ಷದ್ದು. ಹಿಂದಿನ ವರ್ಷದ್ದೂ ಅದರ ಹಿಂದಿನದ್ದೂ ಗೋಡೆಯಲ್ಲಿ ನೇತಾಡುತ್ತಿದ್ದವು.

"ಈ ಕೋಲು ನಂಗೆ ಉದ್ದ ಅಂತ ನಿಂಗೆ ಗೊತ್ತಿತ್ತಾ?"

"ಸ್ವಲ್ಪ ಉದ್ದ ಇರಬಹುದು."

"ಗಡುಸು ಅಂತ?"

"ನೋಡು ಎಫೀ, ನಾಲ್ಕು ದಿನ ಆಡಿ ಬಿಡ್ತೀಯ ಅಂದ್ಕೊಂಡೆ. ನುಡಿಸ್ತೀನಿ ಅಂತ ಆ ಅಕಾರ್ಡಿಯನ್ ತಂದು ಮೂಲೆಗೆ ಹಾಕಲಿಲ್ವಾ? ಸುಮ್ನೆ ದುಡ್ಡು ದಂಡ ಯಾಕೆ ಅಂತ..."

"ನನ್ನ ಮೊಣಕೈಗೆ ಫ್ರಿಜ್ಜಿನ ಬಟಾಣಿ ಪೊಟ್ಟಣ ಇಟ್ಟು ಕಟ್ಟಿದ್ದು ಯಾರು?"

"ನಾನೇ."

"ಕಟ್ತಾ ಕಟ್ತಾನೇ ಬಲ ಇಲ್ಲ ಅಂದೆ. ಗೊತ್ತಿದ್ದೂ ಅಂದೆ!"

ಎಫೀ ಅವನ ಕೈಯಿಂದ ಡ್ರೈವರ್ ಕಿತ್ತುಕೊಂಡಳು.

"ಕಾರು ತೆಗಿ. ರಾಂಕಿನ್ ಅಂಗಡಿಗೆ."

ಬರೀ ಬೆದರಿಕೆ, ದಾರಿಯಲ್ಲಿ ತಣ್ಣಗಾಗುತ್ತಾಳೆ ಎಂದುಕೊಂಡು ವಾಟಿ ಕಾರು ತೆಗೆದ. ಅವಳು ದಾರಿಯುದ್ದಕ್ಕೂ ಡ್ರೈವರನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು.

ರಾಂಕಿನ್ನನ ಗಾಲ್ಫ್ ಸಾಮಾನಿನ ಅಂಗಡಿಯಲ್ಲಿ ಮುಂದೆ ಹೊಸ ಮಾಲು, ಹಿಂದೆ ಹಳೇ ಮಾಲು. ಶನಿವಾರವಾದ್ದರಿಂದ ವಾಟಿಯ ಜೊತೆಗಾರರೆಲ್ಲ ಅಲ್ಲೇ ಹರಟೆಗೆ ನಿಂತಿದ್ದರು. ರಾಂಕಿನ್ ಉತ್ಸಾಹದಿಂದ ಗುಲಾಬಿ ಬಣ್ಣದ ದೊಡ್ಡ ಚೀಲವೊಂದನ್ನು ಉರುಳಿಸಿಕೊಂಡು ಬಂದ. "ಹೆಂಗಸರಿಗೆ ಅಂತಲೇ ಬಂದಿದೆ ಎಫೀ. ಒಳಗೆ ಹನ್ನೆರಡು ಕೋಲು. ಬಣ್ಣ ನೋಡು!"

"ನಾನೇನು ಕಿಟಕಿ ಪರದೆ ಕೊಳ್ಳೋಕೆ ಬಂದಿದೀನಾ? ಎರಡರಲ್ಲಿ ಹೊಡೆಯೋದೇ ಇನ್ನೂ ಬರಲ್ಲ, ಹನ್ನೆರಡು ಹೊತ್ಕೊಂಡು ಏನು ಮಾಡಲಿ?"

ಹಿಂದಿನ ಪೀಪಾಯಿಯಲ್ಲಿ ಹಳೇ ಕೋಲುಗಳನ್ನು ಸೌದೆಯಂತೆ ತುಂಬಿಟ್ಟಿದ್ದರು. ಎಫೀ ಒಂದೊಂದನ್ನೇ ಎತ್ತಿ ನೆಲಕ್ಕೆ ಊರಿ, ಬೆನ್ನು ನೆಟ್ಟಗಿಟ್ಟು ಬಾಗಿ, ಬೀಸಿ ನೋಡಿದಳು. ಉದ್ದದವನ್ನೆಲ್ಲ ದಡಾರೆಂದು ವಾಪಸ್ ಎಸೆದಳು. ಕಡೆಗೆ ಐದು ಉಳಿದವು: ದೂರಕ್ಕೆ ಅಗಲ ತಲೆಯದೊಂದು, ಏಳನೇ ನಂಬರಿನದು, ಒಂಬತ್ತನೇದು, ಮರಳಿನಿಂದ ಚೆಂಡು ಎಬ್ಬಿಸಲು ಒಂದು, ಗುಳಿಗೆ ತಳ್ಳಲು ಒಂದು. ಒಂದಕ್ಕೊಂದು ಹೊಂದದ ಜಾತಿಗಳು, ಆದರೆ ಎಲ್ಲವೂ ಅವಳ ಅಳತೆಯವು. ಜೊತೆಗೆ ತೆಳ್ಳನೆಯ ಹೆಗಲುಚೀಲ, ಮುಳ್ಳುಪೊದೆಗಳಿಂದ ಹೆಕ್ಕಿ ತಂದ ಹಳೇ ಚೆಂಡುಗಳ ಒಂದು ಬುಟ್ಟಿ.

ವಾಟಿಯ ಡ್ರೈವರನ್ನು ಮೇಜಿನ ಮೇಲೆ ಕುಕ್ಕಿದಳು. "ಇದನ್ನ ತಗೊಂಡು ಇವುಗಳ ದುಡ್ಡಿಗೆ ವಜಾ ಹಾಕ್ಕೋ."

ಹರಟೆಯವರೆಲ್ಲ ಇತ್ತ ತಿರುಗಿದರು. ರಾಂಕಿನ್ ಮೆಲ್ಲಗೆ, "ವಾಟಿ?" ಎಂದ.

"ಅವನನ್ನೇನು ಕೇಳ್ತೀಯ? ಅದಕ್ಕೆ ಕೊಟ್ಟ ದುಡ್ಡಲ್ಲಿ ಅರ್ಧ ನಂದು. ಮೂಸಿ ನೋಡು, ಹೊಗೆಮೀನು ವಾಸನೆ ಬರುತ್ತೆ."

ಯಾರೋ ಕಿಸಕ್ಕೆಂದರು. ವಾಟಿಯ ಕಿವಿ ಕೆಂಡವಾಗಿತ್ತು. "ತಗೋ ರಾಂಕಿನ್," ಎಂದು ಹೇಳಿ ಕಾರಿನ ಕಡೆ ಹೊರಟುಬಿಟ್ಟ.

ಊರು ಇದನ್ನು ತಮಾಷೆಯಾಗಿ ಹೇಳಿಕೊಂಡು ನಕ್ಕಿತು. ಎಫೀಗೆ ಒಮ್ಮೆಯೂ ನಗು ಬರಲಿಲ್ಲ. ಮೊಣಕೈ ವಾಸಿಯಾಯಿತು, ಚೆಂಡು ಹಾರತೊಡಗಿತು. ಆದರೂ ಕೆಲಸದ ಮಧ್ಯೆ ಗಳು ಎತ್ತುವಾಗ ಆ ವರ್ಷ ನೆನಪಾಗಿ ಅದನ್ನು ಧಡ್ಡೆಂದು ಇಟ್ಟುಬಿಡುತ್ತಿದ್ದಳು. ಗಂಡ ಜಿಪುಣತನ ಮಾಡಿದನಲ್ಲ ಎಂದಲ್ಲ. ತಾನು ಕೈಲಾಗದವಳೆಂದು ತಾನೇ ನಂಬಿದೆನಲ್ಲ, ಅದು ಉರಿಯುತ್ತಿತ್ತು.

ಚಳಿ ಶುರುವಾದಾಗ ವಾಟಿ ಬಾಗಿಲಲ್ಲಿ ನಿಂತು, "ನಾನೂ ಬರಲಾ?" ಎಂದು ಕೇಳಿದ.

"ಬಾ. ಬಾಯಿ ಮನೇಲಿ ಬಿಟ್ಟು ಬಾ."

ಮೂರನೇ ಗುಳಿಯವರೆಗೆ ತಡೆದುಕೊಂಡ. ಆಮೇಲೆ, "ಎಫೀ, ಎಡಗೈ ಸ್ವಲ್ಪ..." ಎಂದ. ಅವಳು ಚೆಂಡು ಜೇಬಿಗೆ ಹಾಕಿಕೊಂಡು, ತಿರುಗಿಯೂ ನೋಡದೆ ಮುಂದಿನ ಗುಳಿಯ ಕಡೆ ಹೊರಟಳು. ವಾಟಿ ಏದುಸಿರು ಬಿಡುತ್ತ ಹಿಂದೆ ಓಡಿದ.

"ಆಯ್ತು ಮಾರಾಯ್ತಿ, ಇನ್ನು ಉಸಿರೆತ್ತಲ್ಲ."

"ಉಸಿರು ಎತ್ತು. ಮಾತೆತ್ತಬೇಡ."

ಅವಳ ಮುಂದಿನ ಹೊಡೆತ ಗಾಳಿಗೆ ಸಿಕ್ಕಿ ಮುಳ್ಳುಪೊದೆಗೆ ಬಿತ್ತು. ವಾಟಿ ಏನೂ ಹೇಳದೆ ತೋಳು ಗೀರಿಸಿಕೊಳ್ಳುತ್ತ ಪೊದೆಯೊಳಗೆ ನುಗ್ಗಿದ. ಎಫೀ ಸೊಂಟದ ಮೇಲೆ ಕೈಯಿಟ್ಟು ದಾರಿಯಲ್ಲೇ ನಿಂತಿದ್ದಳು.

"ಇನ್ನೂ ಎಡಕ್ಕೆ," ಎಂದಳು.