ವಸಂತನ ಮೊಣಕಾಲಿನ ಹಕ್ಕಳೆ

ಹೋದ ವಾರ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ವಸಂತ ಇಂದು ನನ್ನ ಪಕ್ಕ ಕೂತು, ಅದರ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದಾನೆ. ಓಡುವ ಮಕ್ಕಳನ್ನು ಕಂಡರೆ "ಸಾವಕಾಶ" ಎನ್ನುವುದು ನನ್ನ ಚಟ. "ಮೌಶಿಗೆ ಅದೊಂದ ಮಾತು ಬರತೈತಿ" ಎಂದು ಇವನು ಅಣಕಿಸುತ್ತಾನೆ. ಒಣಗಿದ ರಕ್ತವನ್ನು ಇಷ್ಟು ಪ್ರೀತಿಯಿಂದ ನೋಡುವವಳನ್ನು ನೀವು ಕಂಡಿರಲಾರಿರಿ. ಕಾರಣ ಹೇಳುತ್ತೇನೆ.

ವಸಂತ ನನ್ನ ಅಕ್ಕನ ಮಗ. ಇವನು ತೊಟ್ಟಿಲಲ್ಲಿದ್ದಾಗ ಧಾರವಾಡದ ನಮ್ಮ ಮನೆಯಲ್ಲಿ ಕಿವಿ ಚುಚ್ಚಿಸುವ ಮಾತು ಬಂತು. ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವುದು ರೂಢಿ. ಆ ಸೋದರಮಾವ, ಎಂದರೆ ನಮ್ಮ ತಮ್ಮ, ಚಿಕ್ಕಂದಿನಲ್ಲೇ ಹೋಗಿದ್ದ. ಹಾಲುಹಲ್ಲು ಬಿದ್ದಾಗ ಸುರುವಾದ ರಕ್ತ ನಿಲ್ಲಲೇ ಇಲ್ಲ. ಈ ದೋಷ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯಬಹುದೆಂದು ಡಾಕ್ಟರರು ಅಂದೇ ಹೇಳಿದ್ದರು. ಅಕ್ಕ ಅದನ್ನು ಮರೆತಿರಲಿಲ್ಲ. ನಾನೂ ಮರೆತಿರಲಿಲ್ಲ, ನಾನೂ ಆ ತಾಯಿಯ ಮಗಳೇ.

ಆಗ ನಾನು ಮುಂಬಯಿಯಲ್ಲಿ ರಕ್ತ ಹೆಪ್ಪುಗಟ್ಟುವ ಬಗೆಯನ್ನೇ ಅಭ್ಯಾಸ ಮಾಡುತ್ತಿದ್ದೆ. ರಕ್ತ ಕಟ್ಟುವುದಕ್ಕಿಂತ, ಅದು ಮೈಯೊಳಗೆ ಕಟ್ಟದೆ ಹರಿದು, ಗಾಯದ ಬಾಯಲ್ಲಿ ಮಾತ್ರ ಬೇಕಾದಷ್ಟೇ ಕಟ್ಟುವುದು ನನಗೆ ಸೋಜಿಗ. ಊರಿಗೆ ಬರುವಾಗ ತೆಳುವಾದ ಗಾಜಿನ ನಳಿಗೆಗಳನ್ನು ಸೀರೆಯ ಮಡಿಕೆಗಳಲ್ಲಿ ತಂದಿದ್ದೆ. ನಳಿಗೆಗೆ ಹನಿ ರಕ್ತ ಏರಿಸಿ, ಆಗಾಗ ತುದಿಯನ್ನು ಮುರಿಯುತ್ತ ಹೋಗಬೇಕು. ಮುರಿದ ಚೂರುಗಳ ನಡುವೆ ರಕ್ತದ ಎಳೆಯೊಂದು ಜಗ್ಗಿದರೆ ರಕ್ತ ಕಟ್ಟಿತೆಂದು ಅರ್ಥ.

"ಕಿವಿ ಚುಚ್ಚಬೇಕೋ ಬ್ಯಾಡೋ ತಿಳಕೊಳ್ಳಾಕ ಹಿಮ್ಮಡ ಚುಚ್ಚತೀ? ಛಲೋ ಶ್ಯಾಣ್ಯಾಕಿ ಆಗಿ ಬಂದೀ!" ಎಂದು ಅಕ್ಕ ನಕ್ಕಳು. ನಗುತ್ತಲೇ ಕೂಸಿನ ಕಾಲು ಹಿಡಿದಳು. ನಾನು ಹಿಮ್ಮಡಿ ಚುಚ್ಚಿ ಹನಿಯನ್ನು ನಳಿಗೆಗೆ ಏರಿಸಿದೆ.

ಶ್ರಾವಣದ ಜಿಟಿಮಳೆ. ಅಕ್ಕಸಾಲಿಗ ಬಂಗಾರದ ತಂತಿ ಹಿಡಿದು ಪಡಸಾಲೆಯಲ್ಲಿ ಕೂತಿದ್ದ. "ಚುಚ್ಚಲ್ಯೋ ಬ್ಯಾಡೋ ಲಗೂ ಹೇಳ್ರೆವಾ" ಎಂದ. ನಳಿಗೆ ಮುರಿದೆ. ಎಳೆ ಇಲ್ಲ. ಮತ್ತೆ ಮುರಿದೆ. ಇಲ್ಲ.

"ತಮ್ಮನಂಗೇ ಏನು?" ಅಕ್ಕ ಪಿಸುಗುಟ್ಟಿದಳು.

ನಾನು ಮತ್ತೊಮ್ಮೆ ನಳಿಗೆ ಮುರಿಯಹೋದೆ. ಅವಳು ನನ್ನ ಕೈ ಹಿಡಿದು, "ಅಯ್ಯ, ಎಷ್ಟ ತಣ್ಣಗಾಗ್ಯಾವ!" ಎಂದಳು.

ಆಗ ನೆನಪಾಯಿತು. ಪ್ರಯೋಗಶಾಲೆಯಲ್ಲಿ ನಳಿಗೆಗಳು ಮೈಯಷ್ಟೇ ಬೆಚ್ಚಗಿನ ನೀರಿನಲ್ಲಿರುತ್ತಿದ್ದವು. ತಣ್ಣಗಾದ ರಕ್ತ ತಡವಾಗಿ ಕಟ್ಟುತ್ತದೆಂದು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದ ಈ ವಿದುಷಿ, ನಳಿಗೆಯನ್ನು ಮಳೆಗಾಲದ ಹಿತ್ತಾಳೆ ತಟ್ಟೆಯ ಮೇಲೆ ಮಲಗಿಸಿದ್ದಳು! ಹೊಸ ಹನಿ ತೆಗೆದು, ನಳಿಗೆಯನ್ನು ಅಕ್ಕನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದೆ. ಕಾದೆವು. ಮುರಿದಾಗ, ಎರಡು ಚೂರುಗಳ ನಡುವೆ ನವಿರಾದ ಎಳೆಯೊಂದು ಜಗ್ಗಿತು.

ಅಕ್ಕ ಅಳಲಿಲ್ಲ. "ಮಾವನ ಜಾಗಾದಾಗ ನೀನ ಕುಂಡ್ರು" ಎಂದು ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಚುಚ್ಚಿದಾಗ ಕೂಸು ಕಿರುಚಿತು. ಕಿವಿಯಲ್ಲಿ ಕೆಂಪು ಮಣಿ ಮೂಡಿತು, ಅಲ್ಲೇ ನಿಂತಿತು. ಆದರೂ ಒಂದು ನಳಿಗೆಯ ಮಾತನ್ನು ಪೂರ್ತಿ ನಂಬಲು ನನಗೆ ಧೈರ್ಯ ಸಾಲಲಿಲ್ಲ. "ಸಾವಕಾಶ" ಎಂಬ ಚಟ ಅಂದೇ ಹತ್ತಿತೆಂದು ಕಾಣುತ್ತದೆ.

ಹಕ್ಕಳೆ ಈಗ ಎದ್ದು ಬಂದಿದೆ. ಕೆಳಗೆ ಎಳೆಯ ಗುಲಾಬಿ ಚರ್ಮ.

"ಬಯ್ಯೂದಿಲ್ಲೇನ ಮೌಶಿ?"

"ಇಲ್ಲ."

ನಂಬದೆ ನನ್ನನ್ನೊಮ್ಮೆ ನೋಡಿ, ಅವನು ಮೆಟ್ಟಿಲು ಹಾರಿ ಅಂಗಳಕ್ಕೆ ಓಡಿದ. "ಸಾವಕಾಶ" ಎಂಬ ಮಾತು ತುಟಿಯವರೆಗೆ ಬಂತು. ನುಂಗಿಕೊಂಡು, ಅವನು ಓಡುವುದನ್ನು ನೋಡುತ್ತ ಕೂತೆ.